ಒಂದು ಎಳೆತಕ್ಕೆ ಒಂದೇ ಗುಂಡು

ಎನ್‌ಸಿಸಿ ಶಿಬಿರಕ್ಕೆ ಹೋಗಿಬಂದವರಿಗೆ, ಮತಗಟ್ಟೆಯ ಬಾಗಿಲಲ್ಲಿ ನಿಂತ ಪೊಲೀಸರ ಹೆಗಲನ್ನು ಗಮನಿಸಿದವರಿಗೆ ಎಸ್‌ಎಲ್‌ಆರ್ ಕೋವಿ ಅಪರಿಚಿತವೇನಲ್ಲ. ನೀಳ ನಳಿಗೆ, 20 ಗುಂಡುಗಳ ಮ್ಯಾಗಜಿನ್, ನಾಲ್ಕು ಕಿಲೋ ಮೀರುವ ತೂಕ. ಇದರ ತವರು ಬೆಲ್ಜಿಯಂ, ಮೂಲ ಹೆಸರು ಫಾಲ್.

ಲಿಯೇಜ್ ಪಕ್ಕದ ಹೆರ್ಸ್ಟಾಲ್‌ನ ಎಫ್‌ಎನ್ ಕಾರ್ಖಾನೆಯಲ್ಲಿ ಡ್ಯೂಡೊನೆ ಸೈವ್ ಇದನ್ನು ಚಿಕ್ಕ ತೋಟಾಕ್ಕೆಂದು ರೂಪಿಸತೊಡಗಿದ್ದ. ಆದರೆ ಅಮೆರಿಕ ಪಟ್ಟುಹಿಡಿದು ನ್ಯಾಟೊ ದೇಶಗಳಿಗೆಲ್ಲ 7.62 ಮಿ.ಮೀ.ನ ದೊಡ್ಡ ತೋಟಾವನ್ನೇ ಒಪ್ಪಿಸಿತು. ಕೋವಿಯೂ ಅದಕ್ಕೆ ತಕ್ಕಂತೆ ಬೆಳೆಯಿತು. ಇಷ್ಟೆಲ್ಲ ಮಾಡಿಸಿದ ಅಮೆರಿಕ ತಾನು ಮಾತ್ರ ಫಾಲ್ ಬಿಟ್ಟು ಸ್ವಂತದ ಎಂ14 ಆರಿಸಿಕೊಂಡಿತು!

ಗುಂಡು ಹಾರುವಾಗ ನಳಿಗೆಯ ಒಂದಿಷ್ಟು ಅನಿಲ ಮೇಲಿನ ಕೊಳವೆಗೆ ನುಗ್ಗಿ ಪಿಸ್ಟನ್ ತಳ್ಳುತ್ತದೆ. ಹಿಂಬದಿ ತಗ್ಗಿಸಿ ಕಚ್ಚಿಕೊಂಡಿದ್ದ ಬೋಲ್ಟ್ ಮೇಲೆದ್ದು ಹಿಂದೆ ಸರಿದು ಖಾಲಿ ಕೋಶವನ್ನು ಹೊರಗೆಸೆಯುತ್ತದೆ. ಸ್ಪ್ರಿಂಗು ಬೋಲ್ಟನ್ನು ಮುಂದೆ ತಳ್ಳುವಾಗ ಹೊಸ ತೋಟಾ ಒಳಸೇರುತ್ತದೆ. ಕೊಳಕು ಕಟ್ಟಿ ಚಲನೆ ನಿಧಾನವಾದರೆ ಅನಿಲ ಹೆಚ್ಚಿಸಿಕೊಳ್ಳಲು ಒಂದು ತಿರುಪು ಉಂಟು. ಇಡೀ ಕೋವಿಯಲ್ಲಿ ನನಗೆ ಮೆಚ್ಚುಗೆಯಾದ ಜಾಣತನ ಇದೇ.

ಒಂದೇ ಸಮನೆ ಗುಂಡು ಸುರಿಸುವ ಸೌಲಭ್ಯವೂ ಮೂಲ ಫಾಲ್‌ನಲ್ಲಿತ್ತು. ದೊಡ್ಡ ತೋಟಾದ ಒದೆತಕ್ಕೆ ಮೂತಿ ಮೇಲೇಳುತ್ತಿತ್ತು, ಗುರಿ ಹಾಳಾಗುತ್ತಿತ್ತು. ಬ್ರಿಟನ್ ತನ್ನ ಎಲ್1ಎ1 ಮಾದರಿಯಲ್ಲಿ ಆ ಸೌಲಭ್ಯವನ್ನೇ ತೆಗೆದುಹಾಕಿತು: ಒಂದು ಸಲ ಕುದುರೆ ಎಳೆದರೆ ಒಂದೇ ಗುಂಡು. ಪ್ಯಾರಾಚೂಟ್ ಪಡೆಗೆ ಮಡಚುವ ಬಟ್, ಕಾಲು ಜೋಡಿಸಿದ ದಪ್ಪ ನಳಿಗೆಯ ಮಾದರಿಗಳೂ ಬಂದವು. 1982ರ ಫಾಕ್ಲೆಂಡ್ ಯುದ್ಧವಂತೂ ಈ ಕೋವಿಗೆ ದಾಯಾದಿ ಜಗಳ. ಅರ್ಜೆಂಟೀನದವರ ಕೈಯಲ್ಲಿ ಫಾಲ್, ಬ್ರಿಟಿಷರ ಕೈಯಲ್ಲಿ ಎಲ್1ಎ1.

1962ರಲ್ಲಿ ಚೀನಾದ ಎದುರು ನಮ್ಮ ಜವಾನರು ಹಿಡಿದದ್ದು ಪ್ರತಿ ಗುಂಡಿಗೂ ಕೈಯಲ್ಲೇ ಬೋಲ್ಟ್ ಎಳೆಯಬೇಕಾದ ತ್ರೀ ನಾಟ್ ತ್ರೀ. ಆ ಪೆಟ್ಟಿನ ನಂತರ ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ನಮ್ಮ ಎಸ್‌ಎಲ್‌ಆರ್ ಆದ 1ಎ1 ತಯಾರಾಗತೊಡಗಿತು. ಬೆಲ್ಜಿಯಂನದೊಂದಿಷ್ಟು, ಬ್ರಿಟನ್ನಿನದೊಂದಿಷ್ಟು ಸೇರಿದ ಈ ಮಿಶ್ರ ತಳಿಗೆ ಆ ಎರಡರ ಬಿಡಿಭಾಗಗಳೂ ಪೂರ್ತಿ ಹೊಂದುವುದಿಲ್ಲ.

1990ರ ದಶಕದಲ್ಲಿ 5.56 ಮಿ.ಮೀ.ನ ಇನ್ಸಾಸ್ ಬಂದಮೇಲೆ ಭೂಸೇನೆ ಇದನ್ನು ಹಂತಹಂತವಾಗಿ ಕೈಬಿಟ್ಟಿತು. ಪೊಲೀಸ್ ಪಡೆಗಳು ಮಾತ್ರ ಅಷ್ಟು ಬೇಗ ಬಿಡಲಿಲ್ಲ. ತೂಕವೊಂದನ್ನು ಬಿಟ್ಟರೆ ಇದರ ಮೇಲೆ ಹೇಳಿಕೊಳ್ಳುವಂಥ ದೂರಿಲ್ಲ ಎಂಬುದು ನನ್ನ ಎಣಿಕೆ.