ರಾಕ್ ಸಂಗೀತವೂ ನಮ್ಮ ಸುಳಾದಿಯೂ

ರಾಕ್ ಸಂಗೀತವೆಂದೊಡನೆ ನಮ್ಮ ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ. ನಮ್ಮ ವಿದ್ಯಾರ್ಥಿಮಿತ್ರರಾದರೋ ಕೇಳುವ ಮೊದಲೇ ತಲೆದೂಗುತ್ತಾರೆ. ಇಬ್ಬರೂ ಸರಿಯಾಗಿ ಕೇಳುವುದಿಲ್ಲವೆಂಬುದೇ ನನ್ನ ದೂರು. ಈ ಸಂಗೀತದ ಹುಚ್ಚು ಹಿಡಿಸಿಕೊಂಡಿರುವ ನಾನು, ಕೆಲವು ಆಲ್ಬಮ್‌ಗಳ ವಿಷಯದಲ್ಲಿ ನನಗೆ ತೋಚಿದ್ದನ್ನು ಮುಚ್ಚುಮರೆಯಿಲ್ಲದೆ ಇಲ್ಲಿ ಬರೆದಿದ್ದೇನೆ. ಒಪ್ಪದ ವಾಚಕರು ಸಿಟ್ಟಾಗದೆ ಆ ಹಾಡುಗಳನ್ನು ಇನ್ನೊಮ್ಮೆ ಕೇಳಬೇಕಾಗಿ ವಿನಂತಿ.

ಇಂಗ್ಲಿಷಿನಲ್ಲಿ ರಾಕ್ ಎಂದರೆ ಬಂಡೆ. ಬಂಡೆಗಳಿಗೆ ನಮ್ಮ ರಾಯಚೂರಿನಲ್ಲಿ ಎಂದೂ ಬರಗಾಲವಿಲ್ಲ! ಆದರೆ ಈ ಸಂಗೀತದ ಹೆಸರಿನಲ್ಲಿರುವುದು ಆ ಶಬ್ದದ ಇನ್ನೊಂದು ಅರ್ಥ: ತೊಟ್ಟಿಲು ತೂಗಿದಂತೆ ತೂಗುವುದು. 1950ರ ದಶಕದ ಅಮೆರಿಕೆಯಲ್ಲಿ, ಅಲ್ಲಿಯ ಆಫ್ರಿಕನ್ ಮೂಲದ ಜನರ ಬ್ಲೂಸ್ ಹಾಡುಗಳಿಂದ ಇದು ಬೆಳೆಯಿತು. ಸಾಮಾನ್ಯವಾಗಿ ನಾಲ್ಕೆಣಿಕೆಯ ಲಯ. ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಡ್ರಮ್ಮಿನ ಬಿಗಿಯಾದ ಪೆಟ್ಟು. ಚಿಕ್ಕದೊಂದು ಸ್ವರಗುಚ್ಛವನ್ನು ಗಿಟಾರಿನಲ್ಲಿ ಮತ್ತೆ ಮತ್ತೆ ನುಡಿಸುವುದಕ್ಕೆ ರಿಫ್ ಎನ್ನುತ್ತಾರೆ. ಡೀಪ್ ಪರ್ಪಲ್ ತಂಡದ 1972ರ ‘ಮೆಷಿನ್ ಹೆಡ್’ ಆಲ್ಬಮ್ಮಿನಲ್ಲಿ ‘ಸ್ಮೋಕ್ ಆನ್ ದ ವಾಟರ್’ ಎಂಬ ಹಾಡುಂಟು. ಗಿಟಾರು ಕೈಗೆ ಬಂದ ಹುಡುಗರೆಲ್ಲ ಮೊದಲು ಮೀಟುವುದು ಇದರ ರಿಫ್ಫನ್ನೇ. ರಿಫ್ ಸೊಗಸಾಗಿದೆ, ನಿಜ. ಆದರೆ ಹಾಡಿನ ಮಾತೆಲ್ಲ 1971ರಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋ ಊರಿನ ಕ್ಯಾಸಿನೊಗೆ ಬೆಂಕಿ ಬಿದ್ದ ವರದಿ; ದಿನಪತ್ರಿಕೆಯ ಸುದ್ದಿಯಲ್ಲಿರುವಷ್ಟೇ ರಸ ಅದರಲ್ಲಿದೆ. ಇದನ್ನು ಮಹಾಕೃತಿಯೆಂದು ಹೊಗಳುವವರ ಜತೆ ನಾನಿಲ್ಲ.

ಪಿಂಕ್ ಫ್ಲಾಯ್ಡ್ ತಂಡದವರ 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಬೇರೆಯೇ ಜಾತಿಯದು. ಕಾಲ, ಹಣ, ಸಾವು, ಬುದ್ಧಿಭ್ರಮಣೆ ಇವುಗಳ ಮೇಲಿನ ಹಾಡುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಹೆಣೆದಿದ್ದಾರೆ. ಅದರಲ್ಲಿಯ ‘ಮನಿ’ ಎಂಬ ಹಾಡು ನಾಣ್ಯಗಳ ಸದ್ದಿನಿಂದ ಮೊದಲಾಗುತ್ತದೆ. ಅದರ ಲಯ ನಾಲ್ಕೆಣಿಕೆಯದಲ್ಲ, ಏಳೆಣಿಕೆಯದು. ಮಾನ್ವಿಯಲ್ಲಿರುವ ನಮ್ಮ ಅಜ್ಜಿಗೆ ಇದನ್ನೊಮ್ಮೆ ಕೇಳಿಸಿದೆ. ಇಂಗ್ಲಿಷಿನ ಒಂದಕ್ಷರ ತಿಳಿಯದ ಆಕೆ ತೊಡೆಯ ಮೇಲೆ ಕೈ ತಟ್ಟುತ್ತ, “ಇದು ತ್ರಿಪುಟ ಅದಲ್ಲೋ!” ಎಂದರು. ನಡುವೆ ಗಿಟಾರಿನವನು ಒಬ್ಬನೇ ನುಡಿಸತೊಡಗಿದಾಗ, “ನೋಡು, ಹುಡುಗ ತಾಳ ಬಿಟ್ಟ” ಎಂದರು. ಅಲ್ಲಿ ಹಾಡು ಏಳನ್ನು ಬಿಟ್ಟು ನಾಲ್ಕೆಣಿಕೆಗೆ ಹೊರಳುತ್ತದೆ. ಅಜ್ಜಿ ಹಿಡಿದದ್ದು ಸರಿಯಾಗಿಯೇ ಇತ್ತು.

ಅಜ್ಜಿಗೆ ಈ ತಾಳಜ್ಞಾನ ಬಂದದ್ದು ಸುಳಾದಿಗಳಿಂದ. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಬ್ಯಾಗವಾಟ ಎರಡೂ ಮಾನ್ವಿ ಸೀಮೆಯವು. ಗೋಪಾಲದಾಸರ ಮೊಸರುಕಲ್ಲು ದೇವದುರ್ಗದ ಕಡೆಯದು. ದಾಸರ ಪದಗಳನ್ನು ಎಲ್ಲರೂ ಬಲ್ಲರು, ಸುಳಾದಿಯನ್ನು ಬಲ್ಲವರು ಕಡಮೆ. ಸುಳಾದಿಯೆಂದರೆ ಒಂದೇ ವಿಷಯವನ್ನು ಹಿಡಿದು, ಖಂಡದಿಂದ ಖಂಡಕ್ಕೆ ತಾಳ ಬದಲಿಸುತ್ತ ಸಾಗುವ ದೀರ್ಘ ರಚನೆ. ಧ್ರುವಕ್ಕೆ 14 ಅಕ್ಷರ, ಮಠ್ಯಕ್ಕೆ 10, ರೂಪಕಕ್ಕೆ 6, ಝಂಪೆಗೆ 10, ತ್ರಿಪುಟಕ್ಕೆ 7, ಅಟ್ಟಕ್ಕೆ 14, ಏಕಕ್ಕೆ 4. ಕೊನೆಗೆ ಜತೆಯೆಂಬ ಎರಡು ಸಾಲು. ಪಿಂಕ್ ಫ್ಲಾಯ್ಡಿನವರು ಒಂದು ಹಾಡಿನಲ್ಲಿ ಒಮ್ಮೆ ತಾಳ ಬದಲಿಸಿದ್ದಕ್ಕೆ ನಾವು ಬೆರಗಾಗುತ್ತೇವೆ. ಹದಿನೆಂಟನೆಯ ಶತಮಾನದಲ್ಲಿಯೇ ನಮ್ಮ ಊರವರು ಇದನ್ನು ನಿತ್ಯದ ಕೆಲಸವೆಂಬಂತೆ ಮಾಡುತ್ತಿದ್ದರು.

ಇನ್ನು ಕನ್ನಡದ ರಾಕ್. ರಘು ದೀಕ್ಷಿತರ 2008ರ ಮೊದಲ ಆಲ್ಬಮ್ಮಿನಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಇವೆ. ಇಂಗ್ಲಿಷಿನ ಹಾಡು ಸಪ್ಪೆ. ಅಂಥವು ಆ ಭಾಷೆಯಲ್ಲಿ ಸಾವಿರ ಇವೆ. ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಮಾತ್ರ ಚಿನ್ನ. ತತ್ತ್ವಪದವನ್ನು ಏಕತಾರಿಯ ಒಂದೇ ಶ್ರುತಿಯ ಮೇಲೆ, ಪಲ್ಲವಿಗೆ ಮರಳಿ ಮರಳಿ ಬಂದು ಹಾಡುವುದು ರೂಢಿ. ರಿಫ್ಫಿನ ಕೆಲಸವೂ ಅದೇ ಆದುದರಿಂದ ಗಿಟಾರು ಅಲ್ಲಿ ಪರಕೀಯವೆನಿಸುವುದಿಲ್ಲ. ಅದೇ ಆಲ್ಬಮ್ಮಿನ ‘ಸೋರುತಿಹುದು ಮನೆಯ ಮಾಳಿಗಿ’ಗಿಂತ ಸಿ. ಅಶ್ವತ್ಥರು ಹಾಡಿದ್ದೇ ನನಗೆ ಹೆಚ್ಚು. ಅಶ್ವತ್ಥರ ಕಂಠದಲ್ಲಿ ಮಾಳಿಗೆ ಸೋರುವ ಮನೆಯವನ ದಿಗಿಲು ಕೇಳಿಸುತ್ತದೆ. ದೀಕ್ಷಿತರಲ್ಲಿ ಕೇಳಿಸುವುದು ಹಾಡುಗಾರನ ಉತ್ಸಾಹ. 2013ರ ‘ಜಗ್ ಚಂಗಾ’ ಆಲ್ಬಮ್ಮಿನಲ್ಲಿಯೂ ಅವರು ಶರೀಫರ ‘ಲೋಕದ ಕಾಳಜಿ’ಯನ್ನು ಹಾಡಿದ್ದಾರೆ. ಚೆನ್ನಾಗಿದೆ, ಆದರೆ ನಡೆದದ್ದು ಹಳೆಯ ದಾರಿಯೇ. ಪಲ್ಲವಿಯುಳ್ಳ ಚಿಕ್ಕ ಪದ, ಎಲ್ಲರೂ ಚಪ್ಪಾಳೆ ತಟ್ಟಬಹುದಾದ ಲಯ. ನಾನು ಕೇಳಿದ ಕನ್ನಡ ರಾಕ್‌ನಲ್ಲಿ ಒಂದಾದರೂ ಸುಳಾದಿಯಿಲ್ಲ.

ದಾಸರ ಕೃತಿಗೆ ಡ್ರಮ್ಮು ಬಾರಿಸುವುದು ಅಪಚಾರವೆಂದು ದೇವದುರ್ಗದ ನನ್ನ ಸಹಪಾಠಿಯೊಬ್ಬರ ವಾದ. ದಾಸರು ಗೆಜ್ಜೆ ಕಟ್ಟಿ, ತಾಳ ತಂಬೂರಿ ಹಿಡಿದು ಬೀದಿಯಲ್ಲಿ ಹಾಡಿದವರೆಂಬುದನ್ನು ಅವರು ಮರೆಯುತ್ತಾರೆ. ಆದರೆ ಅವರ ಇನ್ನೊಂದು ಮಾತಿಗೆ ನಾನು ತಲೆಬಾಗುತ್ತೇನೆ: ಸದ್ದಿನಲ್ಲಿ ಮಾತು ಮುಳುಗಿದರೆ ಉಳಿಯುವುದೇನು? ಹಾಗೆಂದು ಸುಮ್ಮನಿರುವಂತೆಯೂ ಇಲ್ಲ. ಸುಳಾದಿಗಳನ್ನು ಪಾರಾಯಣ ಮಾಡುವವರು ಇಂದಿಗೂ ಅನೇಕರಿದ್ದಾರೆ. ತಾಳ ಹಾಕಿ ಹಾಡುವವರು, ನಾನು ಬಲ್ಲಂತೆ ನಮ್ಮ ಬಂಧುಬಳಗದಲ್ಲಿ ಅಜ್ಜಿಯೊಬ್ಬರೇ. ಅವರ ಎಂಟು ಮೊಮ್ಮಕ್ಕಳಲ್ಲಿ ಒಬ್ಬರಿಗೂ ಬಾರದು. ನನಗೆ ತ್ರಿಪುಟದವರೆಗೆ ಬರುತ್ತದೆ, ಅಟ್ಟತಾಳದಲ್ಲಿ ಎಣಿಕೆ ಜಾರುತ್ತದೆ.

ಆದುದರಿಂದ ನಮ್ಮ ಕಾಲೇಜಿನಲ್ಲಿ ಗಿಟಾರು, ಡ್ರಮ್ಮು ಬಲ್ಲ ಮಿತ್ರರಲ್ಲಿ ನನ್ನದೊಂದು ಸೂಚನೆ. ವಿಜಯದಾಸರದೊಂದು ಸುಳಾದಿಯನ್ನು ಆಯ್ದುಕೊಂಡು, ಮೊದಲು ವಾದ್ಯವಿಲ್ಲದೆ ಒಂದು ತಿಂಗಳು ಬರೀ ಕೈತಾಳದಲ್ಲಿ ಕಲಿಯೋಣ. ಆಮೇಲೆ ಬೇಸ್ ಗಿಟಾರು ಸೇರಲಿ. ಡ್ರಮ್ಮು ಎಲ್ಲಕ್ಕೂ ಕೊನೆಗೆ, ಅದೂ ಸಾಹಿತ್ಯದ ಅಕ್ಷರ ಬಿಡಿಬಿಡಿಯಾಗಿ ಕೇಳುವಷ್ಟು ಮೆಲ್ಲಗೆ. ಊರಿನ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಲ್ಲಿ ಹಾಡುವ ಮಾತು ಆಮೇಲಿನದು. ಜತೆಯ ಎರಡು ಸಾಲಿಗೆ ಮಾತ್ರ ಯಾವ ಪೆಟ್ಟೂ ಬೇಡ, ತಂಬೂರಿ ಸಾಕು.