ಮೆದುಳಿಗೊಂದು ಬಳಸುದಾರಿ

ದೇಹದ ತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ ಎರಡರಷ್ಟು ಮಾತ್ರ. ಆದರೆ ದೇಹಕ್ಕೆ ದೊರೆಯುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಅದೊಂದೇ ಬೇಡುತ್ತದೆ. ಅದನ್ನು ಹೊತ್ತು ತರುವ ರಕ್ತನಾಳ ಮುಚ್ಚಿಹೋದರೆ ಪಾರ್ಶ್ವವಾಯು ಎರಗುತ್ತದೆ. ಮುಚ್ಚಿದ ದಾರಿಯ ಬದಲು ಬೇರೊಂದು ದಾರಿಯನ್ನು ತೆರೆಯಲಾಗದೆ?

1967ರ ಅಕ್ಟೋಬರ್ 30ರಂದು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಡಾ. ಗಾಜಿ ಯಶಾರ್ಗಿಲ್ ಅವರು ಅಂತಹ ದಾರಿಯನ್ನು ತೆರೆದರು. ಕಿವಿಯ ಮುಂಭಾಗದಲ್ಲಿ ಬೆರಳಿಟ್ಟರೆ ಮಿಡಿತ ತಿಳಿಯುವ ನಾಳವೊಂದುಂಟು. ಅದು ನೆತ್ತಿಯ ಚರ್ಮಕ್ಕೆ ರಕ್ತವನ್ನು ಒಯ್ಯುತ್ತದೆ. ಅದನ್ನು ಬಿಡಿಸಿ, ತಲೆಬುರುಡೆಯಲ್ಲಿ ಕೊರೆದ ಕಿಂಡಿಯ ಮೂಲಕ ಒಳಗಿಳಿಸಿ, ಮೆದುಳಿನ ಮೇಲ್ಮೈಯ ನಾಳಕ್ಕೆ ಹೊಲಿಯುವುದೇ ಈ ಚಿಕಿತ್ಸೆ. ಒಳನಾಳದ ಅಗಲ ಒಂದು ಮಿಲಿಮೀಟರಿನ ಆಸುಪಾಸು. ಹೊಲಿಗೆಯ ನೂಲು ಕೂದಲಿಗಿಂತ ತೆಳು. ಸೂಕ್ಷ್ಮದರ್ಶಕವಿಲ್ಲದೆ ಇದು ಅಸಾಧ್ಯ. ಈ ಕುಶಲತೆಯನ್ನು ಯಶಾರ್ಗಿಲ್ ಅವರು ಅಮೆರಿಕದ ಬರ್ಲಿಂಗ್ಟನ್ನಿನಲ್ಲಿ, ಡಾ. ಡೊನಾಘಿಯವರ ಪ್ರಯೋಗಶಾಲೆಯಲ್ಲಿ ರೂಢಿಸಿಕೊಂಡಿದ್ದರು.

ಕೆಲವೇ ವರ್ಷಗಳಲ್ಲಿ ಈ ಶಸ್ತ್ರಚಿಕಿತ್ಸೆ ಹಲವು ದೇಶಗಳಿಗೆ ಹಬ್ಬಿತು. ಆದರೆ ಇದರಿಂದ ರೋಗಿಗೆ ನಿಜವಾಗಿ ಹಿತವಾಗುವುದೇ ಎಂಬ ಪ್ರಶ್ನೆ ಉಳಿದೇ ಇತ್ತು. 1,377 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಔಷಧ ಮಾತ್ರ, ಇನ್ನೊಂದಕ್ಕೆ ಔಷಧದೊಡನೆ ಶಸ್ತ್ರಚಿಕಿತ್ಸೆ ನೀಡಿದ ಪರೀಕ್ಷೆಯ ಫಲಿತಾಂಶ 1985ರಲ್ಲಿ ಹೊರಬಿದ್ದಿತು. ಹೊಲಿದ ನಾಳಗಳಲ್ಲಿ ನೂರಕ್ಕೆ 96 ತೆರೆದೇ ಇದ್ದವು. ಆದರೂ ಪಾರ್ಶ್ವವಾಯು ಕಡಮೆಯಾಗಲಿಲ್ಲ. ಕೈಚಳಕ ಗೆದ್ದಿತ್ತು, ಚಿಕಿತ್ಸೆ ಸೋತಿತ್ತು! ರಕ್ತದ ಕೊರತೆ ತೀವ್ರವಾಗಿರುವವರನ್ನೇ ಆರಿಸಿ ನಡೆಸಿದ ಇನ್ನೊಂದು ಪರೀಕ್ಷೆಯೂ 2011ರಲ್ಲಿ ಅದೇ ಮಾತನ್ನು ಹೇಳಿತು. ಶಸ್ತ್ರಚಿಕಿತ್ಸೆಯಾದವರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಮೊದಲ ತಿಂಗಳಿನಲ್ಲಿಯೇ ಪಾರ್ಶ್ವವಾಯು ತಗುಲಿತ್ತು.

ಹಾಗೆಂದು ಈ ವಿದ್ಯೆ ವ್ಯರ್ಥವಾಗಲಿಲ್ಲ. ಮೊಯಾಮೊಯಾ ಎಂಬ ರೋಗದಲ್ಲಿ ಮೆದುಳಿನ ಬುಡದ ದೊಡ್ಡ ನಾಳಗಳು ಕ್ರಮೇಣ ಕಿರಿದಾಗಿ, ಎಳೆನಾಳಗಳ ಗೊಂಚಲು ಹುಟ್ಟಿಕೊಳ್ಳುತ್ತದೆ. ಚಿತ್ರದಲ್ಲಿ ಅದು ತೇಲುವ ಹೊಗೆಯಂತೆ ಕಾಣುವುದರಿಂದಲೇ ಈ ಜಪಾನೀ ಹೆಸರು. ಅದು ಮಕ್ಕಳನ್ನೂ ಬಿಡದು. ಇಂತಹವರಿಗೆ ಬಳಸುದಾರಿ ಇಂದಿಗೂ ಮುಖ್ಯ ಆಸರೆ. ರಕ್ತಸ್ರಾವಕ್ಕೆ ತುತ್ತಾಗಿದ್ದ 80 ಮಂದಿ ವಯಸ್ಕರನ್ನು ಕುರಿತ ಜಪಾನಿನ ಪರೀಕ್ಷೆಯಲ್ಲಿ, ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಮರುರಕ್ತಸ್ರಾವ ಕಡಮೆಯೆಂದು 2014ರಲ್ಲಿ ಕಂಡುಬಂದಿತು. ಬೇರೆ ಉಪಾಯಕ್ಕೆ ಬಗ್ಗದ, ಬಲೂನಿನಂತೆ ಉಬ್ಬಿದ ದೈತ್ಯನಾಳಗಳನ್ನು ಮುಚ್ಚಬೇಕಾದಾಗಲೂ ಇದು ನೆರವಾಗುತ್ತದೆ.

ಉಳಿದ ಬಹುಪಾಲು ಮಂದಿಗೆ ರಕ್ಷಣೆ ಇರುವುದು ರಕ್ತದೊತ್ತಡದ ಹತೋಟಿ, ಧೂಮಪಾನ ತ್ಯಾಗ ಹಾಗೂ ತಪ್ಪದೆ ಸೇವಿಸುವ ಔಷಧಗಳಲ್ಲಿ. ಮುಖ ಓರೆಯಾದರೆ, ಕೈ ಸೋತರೆ, ಮಾತು ತೊದಲಿದರೆ ಒಂದು ನಿಮಿಷವನ್ನೂ ಕಳೆಯದೆ ಆಸ್ಪತ್ರೆಗೆ ಧಾವಿಸುವುದೇ ಮನೆಮಂದಿಯ ಮೊದಲ ಕರ್ತವ್ಯ.