ನಿಮಗಿದು ಗೊತ್ತೆ? ಜೈಲಿಗೆ ಹೋದರೂ ಜೀವನಾಂಶದ ಬಾಕಿ ತೀರದು

ಹೆಂಡತಿ ಮಕ್ಕಳ ಹೊಟ್ಟೆಪಾಡು ಮನೆಯ ವಿಷಯ. ಆದರೆ ಜೀವನಾಂಶದ ಬಹುಬಳಕೆಯ ಕಲಂ ಇರುವುದು ಕಳ್ಳತನ, ಹೊಡೆದಾಟಗಳ ವಿಚಾರಣೆಯ ರೀತಿ ಹೇಳುವ ಕ್ರಿಮಿನಲ್ ಕಾನೂನಿನಲ್ಲಿ! 1898ರ ಸಂಹಿತೆಯಲ್ಲಿ ಅದು 488ನೇ ಕಲಂ, 1973ರದ್ದರಲ್ಲಿ 125. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144. ವಕೀಲರ ಬಾಯಲ್ಲಿ ಮಾತ್ರ ಇನ್ನೂ 'ಒನ್ ಟ್ವೆಂಟಿಫೈವ್'.

ಕೋರ್ಟ್ ಹೇಳಿದ ಹಣವನ್ನು ಸಕಾರಣವಿಲ್ಲದೆ ಕೊಡದಿದ್ದರೆ, ಬಾಕಿಯಿರುವ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. 'ಒಳಗೆ ಹೋಗಿ ಬಂದೆ, ಲೆಕ್ಕ ಚುಕ್ತಾ' ಎಂದು ಕೈತೊಳೆದುಕೊಳ್ಳುವಂತಿಲ್ಲ. ಜೈಲು ಹಣ ವಸೂಲಿಯ ದಾರಿಯೇ ಹೊರತು ಹಣಕ್ಕೆ ಬದಲಿಯಲ್ಲ ಎಂದು ಕುಲದೀಪ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಹಾಗೆಂದು ಪಡೆಯಬೇಕಾದವರು ಸುಮ್ಮನೆ ಕೂರುವಂತೆಯೂ ಇಲ್ಲ: ಕಂತು ಬಾಕಿಯಾದ ಒಂದು ವರ್ಷದೊಳಗೆ ವಸೂಲಿ ವಾರಂಟಿಗೆ ಅರ್ಜಿ ಹಾಕಬೇಕು.

ಹೆತ್ತವರೂ ಇದೇ ಕಲಂನಡಿ ಜೀವನಾಂಶ ಕೇಳಬಹುದು, ಅದೂ ಮಗನಿಂದ ಮಾತ್ರವಲ್ಲ. ಸ್ವಂತ ಆದಾಯವುಳ್ಳ ಮದುವೆಯಾದ ಮಗಳಿಗೂ ಆ ಹೊಣೆಯಿದೆ ಎಂದು 1987ರಲ್ಲೇ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಹೊಸ ಸಂಹಿತೆಯಲ್ಲಿ ತಂದೆ ತಾಯಿ ತಾವು ವಾಸವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಮಕ್ಕಳಿರುವ ಊರಿಗೆ ಅಲೆಯಬೇಕಿಲ್ಲ.